ಹಳೆಯ ಲೆನ್ಸ್ ಕೊಳ್ಳುವ ಮುನ್ನ ಟಾರ್ಚ್ ಹಿಡಿಯಿರಿ

ಫೋಟೊ ನೋಡಿ ಹಳೆಯ ಲೆನ್ಸ್ ಕೊಳ್ಳುವುದು ಎಮ್ಮೆಯನ್ನು ನೀರಲ್ಲಿ ಬಿಟ್ಟು ವ್ಯಾಪಾರ ಮಾಡಿದ ಹಾಗೆ. ಮಾರುವವರು ತೋರಿಸುವ ಚಿತ್ರದಲ್ಲಿ ಮುಂದಿನ ಗಾಜು ಫಳಫಳ ಹೊಳೆಯುತ್ತಿರುತ್ತದೆ. ಒಳಗೆ ಹಬ್ಬಿದ ಬೂಸ್ಟು, ಎಣ್ಣೆ ಹಿಡಿದ ಅಪರ್ಚರ್ ಎಲೆ (ಬೆಳಕು ಒಳಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ತಗಡು), ಎಂದೋ ಕೆಳಗೆ ಬಿದ್ದು ಓರೆಯಾದ ಗಾಜು ಯಾವುದೂ ಅಲ್ಲಿ ಕಾಣುವುದಿಲ್ಲ.

ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ 1960ರಿಂದ 1980ರ ದಶಕದವರೆಗೆ ತಯಾರಾದ, ಕೈಯಲ್ಲೇ ಫೋಕಸ್ ತಿರುಗಿಸುವ ಲೆನ್ಸ್‌ಗಳಿಗೆ ಹೊಸ ಜೀವ ಬಂದಿದೆ. ಒಂದು ಅಡಾಪ್ಟರ್ ಇದ್ದರೆ ಸಾಕು, ಐವತ್ತು ವರ್ಷದ ಹಿಂದಿನ ಗಾಜು ಇವತ್ತಿನ ಸೆನ್ಸರ್ ಮುಂದೆ ಕೂರುತ್ತದೆ. ಆದರೆ ಇಲ್ಲಿ ಕಂಪನಿಯ ಹೆಸರಿಗಿಂತ, ಎಫ್ ಸಂಖ್ಯೆಗಿಂತ (ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ನಿಮ್ಮ ಕೈಗೆ ಬಂದ ಆ ಒಂದು ಪೀಸ್ ಹೇಗಿದೆ ಎಂಬುದೇ ಮುಖ್ಯ. ಒಂದೇ ಮಾದರಿಯ, ಒಂದೇ ವರ್ಷದ ಎರಡು ಲೆನ್ಸ್‌ಗಳಲ್ಲಿ ಒಂದು ಒಣ ಕಪಾಟಿನಲ್ಲಿ, ಇನ್ನೊಂದು ತೇವದ ಚರ್ಮದ ಚೀಲದಲ್ಲಿ ದಶಕಗಳನ್ನು ಕಳೆದಿದ್ದರೆ ಅವೆರಡೂ ಈಗ ಬೇರೆ ಬೇರೆ ಲೆನ್ಸ್‌ಗಳೇ.

ಮೊದಲು ಮೌಂಟ್ ಲೆಕ್ಕ

ಲೆನ್ಸ್ ಹುಡುಕುವ ಮೊದಲು ನಿಮ್ಮ ಕ್ಯಾಮೆರಾಕ್ಕೆ ಯಾವುದು ಕೂರುತ್ತದೆ ಎಂದು ತಿಳಿದಿರಬೇಕು. ಲೆನ್ಸ್ ಕ್ಯಾಮೆರಾಕ್ಕೆ ಸೇರುವ ಜಾಗವೇ ಮೌಂಟ್. ಮೌಂಟ್‌ನ ಲೋಹದ ಬಳೆಯಿಂದ ಸೆನ್ಸರ್‌ವರೆಗಿನ ದೂರ ಪ್ರತಿ ಮೌಂಟ್‌ಗೂ ಬೇರೆ. ನಿಕಾನ್ ಎಫ್‌ಗೆ 46.5 ಮಿ.ಮೀ., ಎಂ42 ಸ್ಕ್ರೂ ಮೌಂಟ್‌ಗೂ ಪೆಂಟ್ಯಾಕ್ಸ್ ಕೆ ಮೌಂಟ್‌ಗೂ 45.46, ಕ್ಯಾನನ್ ಇಎಫ್‌ಗೆ 44, ಮಿನೋಲ್ಟಾ ಎಸ್‌ಆರ್‌ಗೆ 43.5, ಕ್ಯಾನನ್ ಎಫ್‌ಡಿಗೆ 42. ಮಿರರ್‌ಲೆಸ್ ಕ್ಯಾಮೆರಾದಲ್ಲಿ ನಡುವೆ ಕನ್ನಡಿ ಇಲ್ಲದ್ದರಿಂದ ಈ ದೂರ ಬಹಳ ಕಡಿಮೆ: ಕ್ಯಾನನ್ ಆರ್‌ಎಫ್ 20, ಸೋನಿ ಇ 18, ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16 ಮಿ.ಮೀ.

ಅಡಾಪ್ಟರ್ ಎಂದರೆ ಈ ಎರಡು ದೂರಗಳ ವ್ಯತ್ಯಾಸದಷ್ಟು ಉದ್ದದ ಟೊಳ್ಳು ಕೊಳವೆ, ಅಷ್ಟೇ. ನಿಕಾನ್ ಎಫ್ ಲೆನ್ಸನ್ನು ಸೋನಿಗೆ ಹಾಕಲು 28.5 ಮಿ.ಮೀ. ಕೊಳವೆ ಬೇಕು. ಎಂ42 ಲೆನ್ಸನ್ನು ನಿಕಾನ್ ಝಡ್‌ಗೆ ಹಾಕಲು 29.46. ಆದರೆ ಅದೇ ಎಂ42 ಲೆನ್ಸನ್ನು ಎಫ್ ಮೌಂಟ್‌ನ ನಿಕಾನ್ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಹಾಕಲು ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಲೆನ್ಸ್ ಸೆನ್ಸರ್‌ಗೆ ಒಂದು ಮಿಲಿಮೀಟರ್‌ನಷ್ಟು ಹತ್ತಿರ ಬರಬೇಕು, ಬರಲು ಜಾಗವಿಲ್ಲ. ಹಾಗಾಗಿ ಹತ್ತಿರದ ಹೂವಿಗೆ ಫೋಕಸ್ ಸಿಗುತ್ತದೆ, ದೂರದ ಬೆಟ್ಟಕ್ಕೆ ಸಿಗುವುದೇ ಇಲ್ಲ. ಇದಕ್ಕೆ ಪರಿಹಾರವೆಂದು ಒಳಗೆ ಚಿಕ್ಕ ಗಾಜು ಕೂರಿಸಿದ ಅಡಾಪ್ಟರ್ ಮಾರುತ್ತಾರೆ. ಒಳ್ಳೆಯ ಲೆನ್ಸ್ ಹಿಂದೆ ಕಳಪೆ ಗಾಜು ಇಟ್ಟಂತಾಗುತ್ತದೆ. ಅದರ ತಂಟೆಗೆ ಹೋಗಬೇಡಿ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಮಾತ್ರ ಎಂ42 ಗಾಜಿಲ್ಲದ ತೆಳು ಬಳೆಯಲ್ಲೇ ಕೂರುತ್ತದೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್‌ನ) ಬಾಡಿಯಾದರೆ ಕೆಲವು ಲೆನ್ಸ್‌ಗಳ ಹಿಂಭಾಗ ಇನ್ಫಿನಿಟಿಯಲ್ಲಿ (ಅತಿ ದೂರದ ಫೋಕಸ್) ಕನ್ನಡಿಗೆ ತಗಲುವುದುಂಟು, ಮೊದಲ ಸಲ ನಿಧಾನವಾಗಿ ತಿರುಗಿಸಿ ನೋಡಿ.

ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಎಫ್ ಮೌಂಟ್ 1959ರದ್ದು, ಎಐ (ಲೆನ್ಸ್‌ನ ಅಪರ್ಚರ್ ಅಂಕಿಯನ್ನು ಕ್ಯಾಮೆರಾಕ್ಕೆ ತಿಳಿಸುವ ವ್ಯವಸ್ಥೆ) ಎಂಬ ಬದಲಾವಣೆ ಬಂದದ್ದು 1977ರಲ್ಲಿ. ಅದಕ್ಕೂ ಹಿಂದಿನ ಲೆನ್ಸ್‌ನ ಅಪರ್ಚರ್ ಬಳೆಯ ಅಂಚು ಹಲವು ಬಾಡಿಗಳ ಮೌಂಟ್ ಪಕ್ಕದ ಪುಟ್ಟ ಲಿವರನ್ನು ಒತ್ತಿ ಮುರಿಯುತ್ತದೆ. ಗುರುತಿಸುವುದು ಸುಲಭ: ಎಐ ಲೆನ್ಸ್‌ನಲ್ಲಿ ಅಪರ್ಚರ್ ಅಂಕಿಗಳ ಎರಡು ಸಾಲು ಇರುತ್ತವೆ, ಮೌಂಟ್‌ಗೆ ಹತ್ತಿರದ ಸಾಲು ಚಿಕ್ಕ ಅಕ್ಷರದಲ್ಲಿ. ಒಂದೇ ಸಾಲು ಇದ್ದರೆ ಬಲವಂತ ಮಾಡಬೇಡಿ. ಮಿರರ್‌ಲೆಸ್‌ನಲ್ಲಿ ಸಾದಾ ಕೊಳವೆ ಅಡಾಪ್ಟರ್ ಹಾಕಿದರೆ ಈ ತೊಂದರೆಯಿಲ್ಲ.

ಅಪರ್ಚರ್ ಬಳೆಯೇ ಇಲ್ಲದ ಲೆನ್ಸ್‌ಗಳನ್ನು (1987ರಲ್ಲಿ ಬಂದ ಕ್ಯಾನನ್ ಇಎಫ್ ಸಾಲಿನವು ಹಾಗೆ) ಸಾದಾ ಅಡಾಪ್ಟರ್‌ನಲ್ಲಿ ಹಾಕಿದರೆ ಅವು ಪೂರ್ತಿ ತೆರೆದೇ ಇರುತ್ತವೆ. ಅವಕ್ಕೆ ವಿದ್ಯುತ್ ಸಂಪರ್ಕವಿರುವ ಅಡಾಪ್ಟರ್ರೇ ಬೇಕು. ಎಂ42ನಲ್ಲಿ ಹಿಂಭಾಗದಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ಅದು ಒತ್ತಿದಾಗ ಮಾತ್ರ ಎಲೆಗಳು ಮುಚ್ಚಿಕೊಳ್ಳುತ್ತವೆ. ಲೆನ್ಸ್ ಮೇಲೆ ಆಟೊ-ಮ್ಯಾನುಯಲ್ ಸ್ವಿಚ್ ಇದ್ದರೆ ಮ್ಯಾನುಯಲ್‌ಗೆ ತಳ್ಳಿದರಾಯಿತು. ಸ್ವಿಚ್ ಇಲ್ಲದಿದ್ದರೆ ಪಿನ್ ಒತ್ತುವ ಒಳಅಂಚಿರುವ ಅಡಾಪ್ಟರ್ ಕೇಳಿ ತೆಗೆದುಕೊಳ್ಳಿ. ಇದನ್ನು ಮರೆತವರು "ಅಪರ್ಚರ್ ಕೆಲಸ ಮಾಡುತ್ತಿಲ್ಲ" ಎಂದು ಸರಿಯಾಗಿರುವ ಲೆನ್ಸನ್ನೇ ವಾಪಸು ಕೊಟ್ಟದ್ದುಂಟು.

ಯಾವುದನ್ನು ಹುಡುಕಬಹುದು

ಹಳೆಯ ಲೆನ್ಸ್‌ಗಳಲ್ಲಿ ಕಾಸಿಗೆ ತಕ್ಕ ಬೆಲೆ ಸಿಗುವುದು 50ರಿಂದ 135 ಮಿ.ಮೀ.ವರೆಗಿನ ಪ್ರೈಮ್‌ಗಳಲ್ಲಿ (ಜೂಮ್ ಇಲ್ಲದ, ಒಂದೇ ಫೋಕಲ್ ಲೆಂತ್‌ನ ಲೆನ್ಸ್). ಆ ಕಾಲದ ವೈಡ್ ಲೆನ್ಸ್‌ಗಳ ಮೂಲೆಗಳು ಇವತ್ತಿನ ಸೆನ್ಸರ್‌ನಲ್ಲಿ ಕದಡಿ ಹೋಗುತ್ತವೆ. ಆಗಿನ ಜೂಮ್‌ಗಳಂತೂ ಬೇಡವೇ ಬೇಡ. ಆ ಕೆಲಸಕ್ಕೆ ಇವತ್ತಿನ ಅಗ್ಗದ ಕಿಟ್ ಲೆನ್ಸೇ ವಾಸಿ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಇದ್ದರೆ ಕೋನದ ಲೆಕ್ಕ ನೆನಪಿರಲಿ: 50 ಮಿ.ಮೀ. ಲೆನ್ಸ್ ಅಲ್ಲಿ 75ರಂತೆ ಕಾಣುತ್ತದೆ, ಕ್ಯಾನನ್‌ನಲ್ಲಿ 80ರಂತೆ. ಮುಖದ ಚಿತ್ರಕ್ಕೆ ಒಳ್ಳೆಯದು, ಮನೆಯೊಳಗಿನ ಪಂಕ್ತಿ ಊಟಕ್ಕೆ ಇಕ್ಕಟ್ಟು.

ಸೂಪರ್-ಟಾಕುಮರ್ 55 ಮಿ.ಮೀ. ಎಫ್/1.8 ಮೊದಲ ಹಳೆಯ ಲೆನ್ಸ್ ಆಗಲು ಹೇಳಿ ಮಾಡಿಸಿದ್ದು. ಪೆಂಟ್ಯಾಕ್ಸ್‌ನ ಈ ಎಂ42 ಲೆನ್ಸ್‌ನ ಫೋಕಸ್ ಬಳೆ, ಚೆನ್ನಾಗಿ ಇಟ್ಟ ಪೀಸ್‌ನಲ್ಲಿ, ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ ತಿರುಗುತ್ತದೆ. ಯಂತ್ರಗಾರಿಕೆಯ ಗುಣ ಎಂದರೇನು ಎಂದು ಕೈಗೆ ಗೊತ್ತಾಗಲು ಇದನ್ನೊಮ್ಮೆ ಹಿಡಿಯಬೇಕು.

ಇದರ ಅಣ್ಣ 50 ಮಿ.ಮೀ. ಎಫ್/1.4. ಅದರ ಏಳು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಬೆರೆಸಿದ ಗಾಜಿದೆ. ಬೆಳಕನ್ನು ಹೆಚ್ಚು ಬಾಗಿಸುತ್ತ ಬಣ್ಣಗಳನ್ನು ಕಡಿಮೆ ಚದುರಿಸುವ ಗುಣಕ್ಕಾಗಿ ಆಗ ಥೋರಿಯಂ ಬಳಸುತ್ತಿದ್ದರು. ಅದರ ವಿಕಿರಣದಿಂದ ಗಾಜು ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಹೆದರುವ ಮಟ್ಟದ ವಿಕಿರಣವಲ್ಲ, ಆದರೆ ಗಾಜನ್ನು ಉಜ್ಜುವ, ಒಡೆಯುವ ಕೆಲಸಕ್ಕೆ ಕೈ ಹಾಕಬಾರದು. ಹಳದಿ ಬಣ್ಣ ಅತಿನೇರಳೆ ಬೆಳಕಿಗೆ ಕರಗುತ್ತದೆ. ಫೋಕಸ್ ಇನ್ಫಿನಿಟಿಗಿಟ್ಟು, ಅಪರ್ಚರ್ ತೆರೆದು, ಹಿಂಭಾಗದ ಗಾಜು ಬಿಸಿಲಿಗೆ ಬರುವಂತೆ ಕಿಟಕಿಯಲ್ಲಿ ಕೆಲವು ದಿನಗಳಿಂದ ಕೆಲವು ವಾರ ಇಡಬೇಕು. ಇನ್ನೊಂದು ತುದಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿರಿ. ಇದು ಸುರಕ್ಷತೆಗೂ ಬೇಕು: ಬಿಸಿಲಿಗಿಟ್ಟ ಲೆನ್ಸ್ ಭೂತಗನ್ನಡಿಯೇ. ಕೆಳಗೆ ಬಟ್ಟೆ, ಕಾಗದ ಇದ್ದರೆ ಹೊತ್ತಿಕೊಳ್ಳುತ್ತದೆ. ಬಿಸಿಲಲ್ಲಿ ಇಟ್ಟು ಊರಿಗೆ ಹೋಗಬೇಡಿ.

ಹೀಲಿಯೋಸ್ 44-2, 58 ಮಿ.ಮೀ. ಎಫ್/2, ಸೋವಿಯತ್ ಲೆನ್ಸ್. ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ಲೆನ್ಸ್ ಇದರ ಮೂಲ. ಹಿನ್ನೆಲೆಯ ಎಲೆಗಳು ಸುಳಿಯಂತೆ ಸುತ್ತುವ ಚಿತ್ರಕ್ಕೆ ಇದು ಹೆಸರುವಾಸಿ. ಆ ಸುಳಿ ತಾನಾಗಿ ಬರುವುದಿಲ್ಲ. ವ್ಯಕ್ತಿ ಒಂದೆರಡು ಮೀಟರ್ ದೂರದಲ್ಲಿರಬೇಕು, ಹಿಂದೆ ನಾಲ್ಕಾರು ಮೀಟರ್ ಬಿಟ್ಟು ಬೆಳಕು ತೂರಿ ಬರುವ ಮರಗಿಡ ಇರಬೇಕು, ಅಪರ್ಚರ್ ಪೂರ್ತಿ ತೆರೆದಿರಬೇಕು. ಸುಳಿ ಇರುವುದು ಚೌಕಟ್ಟಿನ ಅಂಚಿನಲ್ಲಿ. ಎಪಿಎಸ್-ಸಿ ಸೆನ್ಸರ್ ಅದೇ ಅಂಚನ್ನು ಕತ್ತರಿಸಿಬಿಡುತ್ತದೆ. ಈ ಲೆನ್ಸ್‌ಗೆ ಅಪರ್ಚರ್ ಬಳೆ ಎರಡು. ಒಂದರಲ್ಲಿ ಬೇಕಾದ ಅಂಕಿ ಗೊತ್ತುಮಾಡುವುದು, ಇನ್ನೊಂದರಿಂದ ಎಫ್/2 ಮತ್ತು ಆ ಅಂಕಿಯ ನಡುವೆ ತೆರೆದು ಮುಚ್ಚುವುದು. ಹೊಸಬರು ಇದನ್ನು ಸಡಿಲ ಬಳೆ ಎಂದು ತಪ್ಪು ತಿಳಿಯುತ್ತಾರೆ. ಹೀಲಿಯೋಸ್‌ಗಳನ್ನು ಒಂದಕ್ಕಿಂತ ಹೆಚ್ಚು ಕಾರ್ಖಾನೆಗಳಲ್ಲಿ ಮಾಡುತ್ತಿದ್ದರು; ಪೀಸ್‌ನಿಂದ ಪೀಸ್‌ಗೆ ವ್ಯತ್ಯಾಸ ಇದರಲ್ಲಿ ತುಸು ಹೆಚ್ಚೇ.

ದುಡ್ಡು ಸ್ವಲ್ಪ ಹೆಚ್ಚು ಹಾಕಬಲ್ಲವರಿಗೆ ನಿಕಾನ್ ಕಂಪನಿಯ ನಿಕ್ಕಾರ್ 105 ಮಿ.ಮೀ. ಎಫ್/2.5. ಛಾಯಾಗ್ರಾಹಕ ಸ್ಟೀವ್ ಮೆಕರಿ 1984ರಲ್ಲಿ ತೆಗೆದ ಅಫ್ಘಾನ್ ಹುಡುಗಿಯ ಚಿತ್ರ ಬಂದದ್ದು ಈ ಲೆನ್ಸ್‌ನಿಂದ. 1971ರಲ್ಲಿ ಇದರ ಒಳವಿನ್ಯಾಸ ಸೋನಾರ್ ಬಗೆಯಿಂದ ಗಾಸ್ ಬಗೆಗೆ (ಗಾಜುಗಳನ್ನು ಜೋಡಿಸುವ ಎರಡು ಕ್ರಮಗಳು) ಬದಲಾಯಿತು. ಹತ್ತಿರದ ಮುಖಚಿತ್ರಕ್ಕೆ ಬದಲಾದ ನಂತರದ್ದೇ ಮೇಲು. ಐದೇ ಗಾಜು, 52 ಮಿ.ಮೀ. ಫಿಲ್ಟರ್, ಒಂದು ಮೀಟರ್‌ವರೆಗೆ ಹತ್ತಿರ ಹೋಗುತ್ತದೆ. ಎಫ್/2.5ರಲ್ಲೇ ಕಣ್ಣಿನ ರೆಪ್ಪೆ ಎಣಿಸಬಹುದು, ಆದರೂ ಚರ್ಮ ಒರಟಾಗಿ ಕಾಣುವುದಿಲ್ಲ.

ಗಾಜಿನ ಮೇಲಿನ ಬಣ್ಣ

ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಹಿಡಿದು ಓರೆಮಾಡಿದರೆ ಒಂದರ ಹಿಂದೊಂದು ಪುಟ್ಟ ದೀಪಗಳ ಸಾಲು ಕಾಣುತ್ತದೆ. ಕೋಟಿಂಗ್ (ಪ್ರತಿಫಲನ ತಗ್ಗಿಸುವ ತೆಳುಪದರ) ಇಲ್ಲದ ಗಾಜು ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಗಾಳಿಗೆ ತೆರೆದ ಎಂಟು ಮೇಲ್ಮೈಗಳಿದ್ದರೆ ಸೆನ್ಸರ್‌ಗೆ ತಲುಪುವುದು ಶೇ 72 ಮಾತ್ರ. ಉಳಿದ ಬೆಳಕಿನಲ್ಲಿ ಒಂದಷ್ಟು ಒಳಗೇ ಪುಟಿದಾಡಿ ಕಪ್ಪನ್ನು ಬೂದಿ ಮಾಡುತ್ತದೆ. ನಷ್ಟಕ್ಕಿಂತ ಈ ಪುಟಿದಾಟವೇ ದೊಡ್ಡ ತೊಂದರೆ. ಜೈಸ್ ಕಂಪನಿಯ ಪಾಲ್ ರುಡಾಲ್ಫ್ 1896ರಲ್ಲೇ ಪ್ಲಾನಾರ್ ಎಂಬ ಲೆನ್ಸ್ ವಿನ್ಯಾಸ ಮಾಡಿದ್ದರೂ ಅದು ದಶಕಗಳ ಕಾಲ ಹಿಂದುಳಿದದ್ದು ಇದೇ ಕಾರಣಕ್ಕೆ. ಗಾಳಿಗೆ ತೆರೆದ ಮೇಲ್ಮೈಗಳು ಅದರಲ್ಲಿ ಹೆಚ್ಚು.

ಇಲ್ಲೊಂದು ಸ್ವಾರಸ್ಯ ಇದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಲೆನ್ಸ್ ವಿನ್ಯಾಸಕ ಡೆನಿಸ್ ಟೇಲರ್, ಹಳತಾಗಿ ಮಂಕಾದ ಗಾಜು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತದೆ ಎಂದು ಗಮನಿಸಿದ. ಮೇಲ್ಮೈಯಲ್ಲಿ ತಾನಾಗಿ ಕಟ್ಟಿದ್ದ ತೆಳುಪದರ ಪ್ರತಿಫಲನ ತಗ್ಗಿಸುತ್ತಿತ್ತು. ಅಂಥ ಪದರವನ್ನು ಬೇಕೆಂದೇ ಕೂರಿಸುವ ವಿಧಾನ 1935ರಲ್ಲಿ ಜೈಸ್ ಕಂಪನಿಯ ಸ್ಮಕುಲಾ ಅವರಿಂದ ಬಂತು. ಪೆಂಟ್ಯಾಕ್ಸ್ 1971ರಲ್ಲಿ ಎಸ್‌ಎಂಸಿ ಎಂಬ ಬಹುಪದರದ ಕೋಟಿಂಗ್ ತಂದಿತು. ಅಂಥ ಕೋಟಿಂಗ್‌ನಲ್ಲಿ ಪ್ರತಿ ಮೇಲ್ಮೈಯ ನಷ್ಟ ಶೇ 0.5ಕ್ಕೆ ಇಳಿಯಿತೆಂದರೆ ಅದೇ ಎಂಟು ಮೇಲ್ಮೈಗಳನ್ನು ದಾಟಿ ಶೇ 96 ಬೆಳಕು ಒಳಗೆ ಬರುತ್ತದೆ.

ಕೊಳ್ಳುವಾಗ ಇದು ಹೀಗೆ ಉಪಯೋಗಕ್ಕೆ ಬರುತ್ತದೆ. ದೀಪಗಳ ಸಾಲು ಮಂದವಾಗಿ, ಹಸಿರು, ನೇರಳೆ, ಜೇನುಬಣ್ಣ ಹೀಗೆ ಬೇರೆ ಬೇರೆಯಾಗಿ ಕಂಡರೆ ಬಹುಪದರ. ಎಲ್ಲವೂ ತಿಳಿನೀಲಿಯೋ ತಿಳಿಹಳದಿಯೋ ಆಗಿದ್ದರೆ ಒಂಟಿ ಪದರ. ಒಂಟಿ ಪದರದ ಲೆನ್ಸ್ ಕೆಟ್ಟದ್ದಲ್ಲ, ಹುಡ್ (ಅಡ್ಡಬೆಳಕು ತಡೆಯಲು ಮುಂದೆ ಹಾಕುವ ಕೊಳವೆ) ಹಾಕಿ ಬಳಸಬೇಕು ಅಷ್ಟೇ. ಆದರೆ ಮುಂದಿನ ಗಾಜಿನ ದೀಪ ಮಾತ್ರ ಬೆಳ್ಳಗೆ ಪ್ರಖರವಾಗಿದ್ದು ಉಳಿದವು ಬಣ್ಣದಲ್ಲಿದ್ದರೆ ಯಾರೋ ಗೀರು ತೆಗೆಯಲು ಕೋಟಿಂಗನ್ನೇ ಉಜ್ಜಿ ತೆಗೆದಿದ್ದಾರೆ. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕೈಯಲ್ಲಿ ಹಿಡಿದು ನೋಡುವ ಕ್ರಮ

ಜೊತೆಯಲ್ಲಿ ಇರಬೇಕಾದದ್ದು: ಸಣ್ಣ ಎಲ್‌ಇಡಿ ಟಾರ್ಚ್ (ಮೊಬೈಲಿನದ್ದೂ ಆದೀತು), ಗಾಳಿ ಊದುವ ರಬ್ಬರ್ ಬ್ಲೋಯರ್, ನಿಮ್ಮ ಕ್ಯಾಮೆರಾ, ಅಡಾಪ್ಟರ್. ಅಂಗಡಿಯ ಥಳಥಳ ದೀಪದ ಕೆಳಗಿಂತ ಸ್ವಲ್ಪ ನೆರಳಿರುವ ಮೂಲೆಗೆ ಹೋಗಿ ನಿಂತರೆ ಒಳ್ಳೆಯದು.

ಮೊದಲು ಗಾಜು ನೋಡಬೇಡಿ, ಲೋಹ ನೋಡಿ. ಫಿಲ್ಟರ್ ಹಾಕುವ ಅಂಚು ನಜ್ಜಿದೆಯೇ? ನಜ್ಜಿದ್ದರೆ ಲೆನ್ಸ್ ಬಿದ್ದಿದೆ, ಬಿದ್ದ ಲೆನ್ಸ್‌ನ ಗಾಜುಗಳು ಒಂದೇ ಗೆರೆಯಲ್ಲಿ ಉಳಿದಿರುವುದು ಅನುಮಾನ. ಮೌಂಟ್‌ನ ಸ್ಕ್ರೂ ತಲೆಗಳು, ಮುಂದಿನ ಹೆಸರಿನ ಬಳೆಯ ಕಚ್ಚುಗಳು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದೇ ತಪ್ಪಲ್ಲ, ಒಳ್ಳೆಯ ಮೆಕ್ಯಾನಿಕ್ ಬಿಚ್ಚಿ ಹೊಸ ಗ್ರೀಸ್ ಹಾಕಿರಬಹುದು. ಆದರೆ ಒಳ್ಳೆಯ ಮೆಕ್ಯಾನಿಕ್ ಸ್ಕ್ರೂ ತಲೆ ಕೀಳುವುದಿಲ್ಲ.

ಫೋಕಸ್ ಬಳೆಯನ್ನು ತುದಿಯಿಂದ ತುದಿಗೆ ನಿಧಾನವಾಗಿ ತಿರುಗಿಸಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಮರಳು ಸಿಕ್ಕಿದ ಹಾಗೆ ಕರಕರ ಎಂದರೆ ಸಮುದ್ರತೀರದ ನೆನಪು ಒಳಗಿದೆ. ಪೂರ್ತಿ ಬಿಗಿಯಾಗಿದ್ದರೆ ಗ್ರೀಸ್ ಗಟ್ಟಿಯಾಗಿದೆ, ಬದಲಿಸಬಹುದು, ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತೀರಾ ಸಡಿಲವಾಗಿದ್ದರೆ ಗ್ರೀಸ್ ಕರಗಿ ಎಲ್ಲೋ ಹೋಗಿದೆ. ಆ "ಎಲ್ಲೋ" ಸಾಮಾನ್ಯವಾಗಿ ಅಪರ್ಚರ್ ಎಲೆಗಳೇ. ಮುಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ, ಕಿವಿಯ ಬಳಿ ಮೆಲ್ಲಗೆ ಕುಲುಕಿ. ಇಂಥ ಹಳೆಯ ಮ್ಯಾನುಯಲ್ ಲೆನ್ಸ್‌ನಲ್ಲಿ ಗಾಜಿನ ಟಕಟಕ ಸದ್ದು ಬರಬಾರದು. (ಕಂಪನ ತಡೆಯುವ ವ್ಯವಸ್ಥೆ ಇರುವ ಇತ್ತೀಚಿನ ಲೆನ್ಸ್‌ಗಳಲ್ಲಿ ಸ್ವಲ್ಪ ಸದ್ದು ಸಹಜ.)

ಈಗ ಅಪರ್ಚರ್. ಅತಿ ಚಿಕ್ಕ ಕಿಂಡಿಗೆ, ಅಂದರೆ ಎಫ್/16ಕ್ಕೆ ಇಟ್ಟು, ಹಿಂದಿನ ಲಿವರ್ ಅಥವಾ ಪಿನ್ ಒತ್ತಿ ಬಿಡಿ. ಎಲೆಗಳು ಚಟ್ಟನೆ ಮುಚ್ಚಿ ತೆರೆಯಬೇಕು. ಸೋಮಾರಿಯಾಗಿ ಕದಲಿದರೆ, ಎಲೆಗಳ ಮೇಲೆ ಹೊಳಪಿನ ಕಲೆ ಕಂಡರೆ ಎಣ್ಣೆ. ಡಿಎಸ್‌ಎಲ್‌ಆರ್‌ನಲ್ಲಿ ಶಟರ್ ತೆರೆಯುವ ಹೊತ್ತಿಗೆ ಎಲೆ ಮುಚ್ಚದೆ ಚಿತ್ರ ಬಿಳಿಚಿಕೊಳ್ಳುತ್ತದೆ. ಮಿರರ್‌ಲೆಸ್‌ನಲ್ಲಿ ಬಳೆ ತಿರುಗಿಸಿಯೇ ಮುಚ್ಚುವುದರಿಂದ ಅಷ್ಟು ಕಾಟವಿಲ್ಲ. ಆದರೆ ಆ ಎಣ್ಣೆ ಆವಿಯಾಗಿ ಅಕ್ಕಪಕ್ಕದ ಗಾಜಿನ ಮೇಲೆ ಮಂಜಿನಂತೆ ಕೂರುತ್ತದೆ. ಹೀಲಿಯೋಸ್‌ನಂಥ ಎರಡು ಬಳೆಯ ಲೆನ್ಸ್‌ನಲ್ಲಿ ಎಲೆಗಳ ಮೇಲೆ ತುಸು ಎಣ್ಣೆ ಇದ್ದರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಎಲೆ ಓಡುವುದು ಸ್ಪ್ರಿಂಗ್‌ನಿಂದಲ್ಲ, ನಿಮ್ಮ ಬೆರಳಿನಿಂದ.

ಕೊನೆಗೆ ಟಾರ್ಚ್. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಟಾರ್ಚ್ ನೇರವಾಗಿ ಕಣ್ಣಿಗೆ ಬೀಳಬಾರದು. ಟಾರ್ಚನ್ನು ನಿಧಾನವಾಗಿ ಸುತ್ತ ತಿರುಗಿಸಿ, ಆಮೇಲೆ ಲೆನ್ಸ್ ತಿರುವಿ ಇನ್ನೊಂದು ಕಡೆಯಿಂದ ನೋಡಿ. ಫೋಕಸ್ ಬಳೆಯನ್ನು ಇನ್ಫಿನಿಟಿಯಲ್ಲೂ ಅತಿ ಹತ್ತಿರದಲ್ಲೂ ಇಟ್ಟು ನೋಡಿ. ಈ ಬೆಳಕಿನಲ್ಲಿ ಎಂಥ ಲೆನ್ಸ್ ಕೂಡ ಕಸದ ತೊಟ್ಟಿಯಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಯಾವುದು ದೋಷ, ಯಾವುದು ಬರಿ ವಯಸ್ಸು ಎಂದು ಬೇರ್ಪಡಿಸುವುದೇ ಕೆಲಸ.

ಬಿಡಿಬಿಡಿಯಾದ ಧೂಳಿನ ಕಣಗಳು ವಯಸ್ಸು, ಚಿತ್ರದಲ್ಲಿ ಕಾಣುವುದಿಲ್ಲ. ಗಾಜಿನೊಳಗೇ ಇರುವ ಒಂದೆರಡು ಸೂಜಿಮೊನೆಯಷ್ಟು ಗಾಳಿಗುಳ್ಳೆಗಳೂ ಅಷ್ಟೇ, ಹಳೆಯ ಕಾಲದ ಗಾಜು ಕರಗಿಸಿದಾಗ ಉಳಿದವು. ಗಾಜಿನ ಅಂಚಿನ ಕಪ್ಪು ಬಣ್ಣ ಎದ್ದು ಬಿಳಿ ಚುಕ್ಕೆಗಳಂತೆ ಕಂಡರೆ ಅದೂ ನಿರುಪದ್ರವಿ. ಜೇಡರ ಬಲೆಯಂತೆ, ಬೇರು ಒಡೆದಂತೆ ಕವಲೊಡೆದ ತೆಳು ಎಳೆಗಳು ಮಾತ್ರ ಬೂಸ್ಟು. ಅಂಚಿನಲ್ಲಿ ಒಂದೆರಡು ಎಳೆಯಿದ್ದರೆ ಚಿತ್ರಕ್ಕೆ ಏನೂ ಆಗದು, ಬಿಚ್ಚಿ ಒರೆಸಿದರೆ ಹೋಗಲೂಬಹುದು. ಆದರೆ ಬೂಸ್ಟು ಬಿಡುವ ಆಮ್ಲ ಕೋಟಿಂಗನ್ನೂ ಗಾಜನ್ನೂ ಕೊರೆಯುತ್ತದೆ; ಹಳೆಯ ಬೂಸ್ಟನ್ನು ಒರೆಸಿದ ಮೇಲೂ ಅದರ ನಕ್ಷೆ ಗಾಜಿನ ಮೇಲೆ ಉಳಿದುಬಿಡುತ್ತದೆ. ನಡುಭಾಗಕ್ಕೆ ಹಬ್ಬಿದ್ದನ್ನು ಅಗ್ಗವೆಂದು ಕೊಂಡರೆ ನೀರಲ್ಲಿ ಹೋಮ ಮಾಡಿದಂತೆ.

ಇಡೀ ಗಾಜಿನ ಮೇಲೆ ಹಾಲು ತೊಡೆದಂತೆ ಸಮನಾದ ಮಬ್ಬು ಇದ್ದರೆ ಅದು ಎಣ್ಣೆಯಾವಿ. ಬರಿಗಣ್ಣಿಗೆ ಕಾಣದು, ಟಾರ್ಚ್‌ಗೆ ಮಾತ್ರ ಸಿಕ್ಕಿಬೀಳುತ್ತದೆ. ಬೆಳಕಿಗೆ ಎದುರಾಗಿ ಚಿತ್ರ ತೆಗೆದರೆ ಇಡೀ ಚೌಕಟ್ಟು ಸಪ್ಪೆಯಾಗುತ್ತದೆ. ಸುಮ್ಮನೆ ಕೂತ ಆವಿಯಾದರೆ ಒರೆಸಬಹುದು, ಗಾಜೇ ಮಂಕಾಗಿದ್ದರೆ ಇಲ್ಲ. ಹೊರಗಿನಿಂದ ಎರಡನ್ನೂ ಬೇರ್ಪಡಿಸಲಾಗದು, ಹಾಗಾಗಿ ಇದನ್ನು ಬೂಸ್ಟಿಗಿಂತ ಕೆಟ್ಟ ಲಕ್ಷಣವೆಂದೇ ಎಣಿಸಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ. ರಿಪೇರಿಯ ಖರ್ಚು ಲೆನ್ಸ್ ಬೆಲೆಯನ್ನೇ ಮೀರಬಹುದು.

ಗೀರುಗಳ ವಿಷಯದಲ್ಲಿ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಮುಂದಿನ ಗಾಜಿನ ಗೀರಿಗೆ ಹೆದರುತ್ತಾರೆ, ಹಿಂದಿನದನ್ನು ನೋಡುವುದೇ ಇಲ್ಲ. ಮುಂದಿನ ಗಾಜಿನ ಮೇಲೆ ಪ್ರತಿ ಬಿಂದುವಿನ ಬೆಳಕೂ ಅಗಲವಾಗಿ ಹರಡಿರುತ್ತದೆ, ಸಣ್ಣ ಗೀರು ಅದರಲ್ಲಿ ಕಳೆದುಹೋಗುತ್ತದೆ. ಹಿಂದಿನ ಗಾಜು ತಲುಪುವ ಹೊತ್ತಿಗೆ ಅದೇ ಬೆಳಕು ಕಿರಿದಾದ ಕಟ್ಟಾಗಿರುತ್ತದೆ, ಅಲ್ಲಿನ ಗೀರು ಅದರ ದೊಡ್ಡ ಪಾಲನ್ನೇ ಕೆಡಿಸುತ್ತದೆ. ಮುಂದೆ ಒಂದು ಗೀರಿರುವ ಲೆನ್ಸನ್ನು ಬೆಲೆ ಇಳಿಸಿ ಕೊಳ್ಳಿ, ಹಿಂದೆ ಗೀರಿರುವುದನ್ನು ಬಿಡಿ.

ಟೆಸ್ಟ್ ಚಿತ್ರಗಳು

ಬೆಳಿಗ್ಗೆ ಎಂಟರೊಳಗೆ ತೆಗೆಯಿರಿ. ಬೇಸಿಗೆಯ ಮಧ್ಯಾಹ್ನ ತಾರಸಿ, ರಸ್ತೆಯ ಮೇಲಿಂದ ಏಳುವ ಬಿಸಿಗಾಳಿಯೇ ದೂರದ ವಸ್ತುವನ್ನು ಕದಡುತ್ತದೆ, ತಪ್ಪು ಲೆನ್ಸ್ ಮೇಲೆ ಬರುತ್ತದೆ. ಇಟ್ಟಿಗೆ ಗೋಡೆಯನ್ನು ತೆಗೆದು ಮೂಲೆ ಹೋಲಿಸುವ ಪದ್ಧತಿ ಬೇಡ. ಕ್ಯಾಮೆರಾ ಗೋಡೆಗೆ ಕೂದಲೆಳೆಯಷ್ಟು ಓರೆಯಾಗಿದ್ದರೂ ಒಂದು ಬದಿ ಮಂಕಾಗುತ್ತದೆ.

1. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್, ಬಾಡಿಯ ಕಂಪನ ನಿರೋಧಕ ಬಂದ್, ರಾ ಫೈಲ್.

2. ಕನಿಷ್ಠ ಇನ್ನೂರು ಮುನ್ನೂರು ಮೀಟರ್ ದೂರದ ಸೂಕ್ಷ್ಮ ವಿವರವಿರುವ ಒಂದು ವಸ್ತು ಆರಿಸಿ. ಮೊಬೈಲ್ ಟವರ್ ಬಹಳ ಒಳ್ಳೆಯದು. ಅದನ್ನು ಚೌಕಟ್ಟಿನ ನಡುವೆ ತಂದು, ಪರದೆಯಲ್ಲಿ ದೊಡ್ಡದಾಗಿಸಿ, ಲೆನ್ಸ್ ಪೂರ್ತಿ ತೆರೆದು ಫೋಕಸ್ ಮಾಡಿ ತೆಗೆಯಿರಿ.

3. ಫೋಕಸ್ ಬಳೆ ಮುಟ್ಟದೆ ಕ್ಯಾಮೆರಾ ತಿರುಗಿಸಿ ಅದೇ ಟವರ್ ನಾಲ್ಕು ಮೂಲೆಗಳಲ್ಲಿ ಬರುವಂತೆ ನಾಲ್ಕು ಚಿತ್ರ.

4. ಇದನ್ನೇ ಎಫ್/4 ಮತ್ತು ಎಫ್/8ರಲ್ಲಿ ಇನ್ನೊಮ್ಮೆ.

5. ದೂರದ ಮರದ ಕೊಂಬೆಗಳನ್ನು ಬಿಳಿ ಆಕಾಶಕ್ಕೆ ಎದುರಾಗಿ ಒಂದು, ಬೆಳಗಿನ ಸೂರ್ಯ ಚೌಕಟ್ಟಿನ ತುಸು ಹೊರಗಿರುವಂತೆ ಇನ್ನೊಂದು. ಸೂರ್ಯನನ್ನು ಒಳಗೆ ತರಬೇಡಿ.

ನಾಲ್ಕು ಮೂಲೆಗಳೂ ಒಂದೇ ರೀತಿ ಮೃದುವಾಗಿದ್ದರೆ ಅದು ಆ ಲೆನ್ಸ್‌ನ ವಿನ್ಯಾಸದ ಗುಣ, ಎಫ್/8ಕ್ಕೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ಮೂಲೆ ಅಥವಾ ಒಂದು ಬದಿ ಮಾತ್ರ ಕೆಟ್ಟಿದ್ದರೆ ಒಳಗಿನ ಗಾಜು ಸರಿದಿದೆ, ಇಲ್ಲವೇ ಅಡಾಪ್ಟರ್ ಓರೆಯಾಗಿದೆ. ಅದೇ ಅಡಾಪ್ಟರ್‌ಗೆ ಬೇರೆ ಲೆನ್ಸ್ ಹಾಕಿ ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ.

ಟವರ್ ಎಷ್ಟು ತಿರುಗಿಸಿದರೂ ಚೂಪಾಗದಿದ್ದರೆ ಎರಡು ಸಾಧ್ಯತೆ. ಅಡಾಪ್ಟರ್ ಉದ್ದ ಹೆಚ್ಚಿದೆ. ಅಥವಾ ಬಿಚ್ಚಿದವರು ಫೋಕಸ್‌ನ ಹೆಲಿಕಾಯಿಡ್ (ಗಾಜನ್ನು ಮುಂದೆ ಹಿಂದೆ ಸರಿಸುವ ಸ್ಕ್ರೂ) ಎಳೆಗಳನ್ನು ತಪ್ಪು ಜಾಗದಿಂದ ಕೂಡಿಸಿದ್ದಾರೆ. ಈ ಎಳೆಗಳು ಒಳಸೇರಲು ಹಲವು ಆರಂಭಗಳಿರುತ್ತವೆ, ಸರಿಯಾದದ್ದು ಒಂದೇ. ಬಿಚ್ಚುವ ಮುನ್ನ ಗುರುತು ಮಾಡಿಕೊಳ್ಳದವರು ಇಲ್ಲಿ ಸೋಲುತ್ತಾರೆ. ಇನ್ಫಿನಿಟಿ ಗುರುತಿಗೆ ಸ್ವಲ್ಪ ಮೊದಲೇ ಚೂಪಾಗುವುದು ದೋಷವಲ್ಲ. ಅಗ್ಗದ ಅಡಾಪ್ಟರ್‌ಗಳನ್ನು ಬೇಕೆಂದೇ ತುಸು ಗಿಡ್ಡ ಮಾಡುತ್ತಾರೆ.

ಚಿತ್ರವನ್ನು ಓದುವುದು

ಶೇ 100ಕ್ಕೆ ಹಿಗ್ಗಿಸಿ ಕೊಂಬೆಗಳನ್ನು ನೋಡಿ. ಬಣ್ಣದ ಅಂಚು ಎರಡು ಬಗೆ. ಮೂಲೆಗಳಲ್ಲಿ ಮಾತ್ರ ಕಾಣುವ ಕೆಂಪು-ನೀಲಿ ಗೆರೆ ಸಾಫ್ಟ್‌ವೇರ್‌ನಲ್ಲಿ ಒಂದು ಗುಂಡಿಗೆ ಹೋಗುತ್ತದೆ. ಫೋಕಸ್‌ನ ಮುಂದೆ ನೇರಳೆ, ಹಿಂದೆ ಹಸಿರು ಬರುವುದು ಇನ್ನೊಂದು. ಅದು ಚೌಕಟ್ಟಿನ ನಡುವೆಯೂ ಇರುತ್ತದೆ, ಸಂಪೂರ್ಣ ಹೋಗದು, ಅಪರ್ಚರ್ ಮುಚ್ಚಿದರೆ ತಗ್ಗುತ್ತದೆ. ಮದುವೆಯ ಬೆಳ್ಳಿ ದೀಪ, ಒಡವೆ, ಜರಿ ಇರುವಲ್ಲಿ ಇದೇ ಕಾಡುವುದು. ಎಫ್/1.4ರ ಹಳೆಯ ಲೆನ್ಸ್‌ಗಳಲ್ಲಿ ಎಫ್/2.8ಕ್ಕೆ ಬರುವವರೆಗೆ ಇದು ಇದ್ದೇ ಇರುತ್ತದೆ.

ಪೂರ್ತಿ ತೆರೆದಾಗ ಮೃದು, ಎರಡು ಮೂರು ಸ್ಟಾಪ್ (ಅಪರ್ಚರ್‌ನ ಹೆಜ್ಜೆ) ಮುಚ್ಚಿದಾಗ ಚೂಪು, ಎಫ್/16ರಲ್ಲಿ ಮತ್ತೆ ಮಂಕು. ಇದು ಪ್ರತಿ ಲೆನ್ಸ್‌ನ ಜಾತಕ. ಕೊನೆಯದು ಗಾಜಿನ ತಪ್ಪಲ್ಲ, ಬೆಳಕಿನ ಸ್ವಭಾವ. ಹಸಿರು ಬೆಳಕಿನ ಒಂದು ಬಿಂದು ಎಫ್/8ರಲ್ಲಿ ಸುಮಾರು 11 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ತಟ್ಟೆಯಾಗಿ ಬೀಳುತ್ತದೆ, ಎಫ್/16ರಲ್ಲಿ 21. ಫುಲ್ ಫ್ರೇಮ್ 24 ಮೆಗಾಪಿಕ್ಸೆಲ್ ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಹಾಗಾಗಿ ಗುಡ್ಡಬೆಟ್ಟಗಳ ಚಿತ್ರಕ್ಕೆ ಎಫ್/5.6ರಿಂದ ಎಫ್/11ರ ನಡುವೆ ಇರಿ.

ಚೂಪನ್ನು ಅಳೆಯುವುದು ಸುಲಭ, ಹಿನ್ನೆಲೆಯ ಮಸುಕನ್ನು ಅಳೆಯುವುದು ಕಷ್ಟ. ಸಂಜೆ ದೂರದ ಬೀದಿದೀಪಗಳನ್ನು ಫೋಕಸ್ ತಪ್ಪಿಸಿ ತೆಗೆಯಿರಿ. ಬೆಳಕಿನ ತಟ್ಟೆಗಳು ನಡುವಿನಿಂದ ಅಂಚಿಗೆ ಸಮನಾಗಿದ್ದರೆ, ಅಂಚು ತುಸು ಕರಗಿದಂತಿದ್ದರೆ ಹಿನ್ನೆಲೆ ಶಾಂತವಾಗಿರುತ್ತದೆ. ಅಂಚಿನಲ್ಲಿ ಬಳೆಯಂತೆ ಗಟ್ಟಿ ಗೆರೆ ಇದ್ದರೆ ಎಲೆ, ಹುಲ್ಲು, ಕಡ್ಡಿಗಳೆಲ್ಲ ಜೋಡಿ ಗೆರೆಗಳಾಗಿ ಕಣ್ಣಿಗೆ ಚುಚ್ಚುತ್ತವೆ. ಆ ಬಳೆಯನ್ನೇ ಮೆಚ್ಚಿ ಹುಡುಕುವವರೂ ಇದ್ದಾರೆ: ಮೂರೇ ಗಾಜಿನ ಮೆಯರ್ ಟ್ರಯೋಪ್ಲಾನ್ 100 ಮಿ.ಮೀ. ಎಫ್/2.8 ಲೆನ್ಸ್‌ನ ಸೋಪುಗುಳ್ಳೆ ಹಿನ್ನೆಲೆ ಇದೇ. ಮೂಲೆಗಳಲ್ಲಿ ತಟ್ಟೆ ಬೆಕ್ಕಿನ ಕಣ್ಣಿನಂತೆ ಉದ್ದವಾಗುವುದು ದೊಡ್ಡ ಅಪರ್ಚರಿನ ಬಹುತೇಕ ಎಲ್ಲ ಲೆನ್ಸ್‌ಗಳಲ್ಲೂ ಉಂಟು. ತಟ್ಟೆಯೊಳಗೆ ಈರುಳ್ಳಿ ಕತ್ತರಿಸಿದಂತೆ ಸುತ್ತುಗೆರೆ ಕಂಡರೆ ಅದು ಅಚ್ಚೊತ್ತಿದ ಆಸ್ಫೆರಿಕಲ್ (ಪೂರ್ತಿ ಗೋಳದ ಬಾಗಿಲ್ಲದ) ಗಾಜಿನ ಗುರುತು. ಈ ಕಾಯಿಲೆ ಹಳೆಯ ಲೆನ್ಸ್‌ಗಳಿಗಿಂತ ಹೊಸವಕ್ಕೇ ಹೆಚ್ಚು.

ಬಳಸುವಾಗ

ಕ್ಯಾಮೆರಾದ ಮೆನುವಿನಲ್ಲಿ "ಲೆನ್ಸ್ ಇಲ್ಲದೆ ಶಟರ್" ಆಯ್ಕೆ ಆನ್ ಮಾಡಿ, ಇಲ್ಲವಾದರೆ ಬಟನ್ ಒತ್ತಿದರೂ ಏನೂ ಆಗದು. ಬಾಡಿಯಲ್ಲೇ ಕಂಪನ ನಿರೋಧಕ ಇದ್ದರೆ ಲೆನ್ಸ್‌ನ ನಿಜವಾದ ಫೋಕಲ್ ಲೆಂತ್ ತುಂಬಿ. 58ರ ಬದಲು 85 ತುಂಬಿದರೆ ನಿರೋಧಕವೇ ಚಿತ್ರ ಅಲುಗಿಸುತ್ತದೆ. ಫೋಕಸ್ ಪೀಕಿಂಗ್‌ನ (ಚೂಪಾದ ಅಂಚನ್ನು ಕ್ಯಾಮೆರಾ ಪರದೆಯಲ್ಲಿ ಗುರುತಿಸುವ ವ್ಯವಸ್ಥೆ) ಬಣ್ಣದ ಗೆರೆಯನ್ನು ಎಫ್/2ರಲ್ಲಿ ನಂಬಬೇಡಿ, ಚಿತ್ರ ದೊಡ್ಡದಾಗಿಸಿ ಕಣ್ಣಿನ ಪಾಪೆಗೆ ಫೋಕಸ್ ಮಾಡಿ. ಬಿಗಿಯಾಗಿ ಕೂರುವ ಲೋಹದ ಹುಡ್ ಕೊಳ್ಳಿ. ಒಂಟಿ ಕೋಟಿಂಗ್‌ನ ಲೆನ್ಸ್‌ಗೆ ಅದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಮಳೆಗಾಲದಲ್ಲಿ ಕಾಪಾಡುವುದು

ಕರಾವಳಿ, ಮಲೆನಾಡಿನವರಿಗೆ ಲೇಖನದ ಉಳಿದ ಭಾಗಕ್ಕಿಂತ ಇದೇ ಮುಖ್ಯ. ಗಾಳಿಯ ತೇವಾಂಶ ಶೇ 65–70 ದಾಟಿ ವಾರಗಟ್ಟಲೆ ನಿಂತರೆ ಬೂಸ್ಟಿಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಿಂದ ಆಗುಂಬೆಯವರೆಗೆ ಅದಕ್ಕಿಂತ ಕೆಳಗಿಳಿಯುವ ದಿನವೇ ಅಪರೂಪ. ಬೀರುವಿನಲ್ಲಿ ಬಟ್ಟೆಯ ನಡುವೆ, ಚರ್ಮದ ಪೆಟ್ಟಿಗೆಯಲ್ಲಿ ಇಡುವುದು ಅತ್ಯಂತ ಕೆಟ್ಟ ಅಭ್ಯಾಸ. ಚರ್ಮವೂ ಬಟ್ಟೆಯೂ ತೇವ ಹೀರಿ ಹಿಡಿದಿಡುತ್ತವೆ.

ರಬ್ಬರ್ ಅಂಚಿನ ಗಾಳಿಯಾಡದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ಡಿಜಿಟಲ್ ತೇವಾಂಶ ಮಾಪಕ, ಇಷ್ಟು ಸಾಕು. ಮಾಪಕ 40ರಿಂದ 50ರ ನಡುವೆ ನಿಲ್ಲಬೇಕು. 30ಕ್ಕಿಂತ ಕೆಳಗೆ ಇಳಿಸಬೇಕಾಗಿಲ್ಲ. 55 ದಾಟಿದರೆ ಜೆಲ್ ತುಂಬಿದೆ. ನೀಲಿ ಹರಳು ಗುಲಾಬಿಯಾಗುತ್ತದೆ, ಕಿತ್ತಳೆ ಹರಳು ಹಸಿರಿಗೆ ತಿರುಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯೇ ಸರಿ. 110–120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಜೆಲ್ ಮತ್ತೆ ಹೊಸದು. ಅಡುಗೆಯ ಪಾತ್ರೆ ಬಳಸಬೇಡಿ. ಜೆಲ್ ಬದಲು ಅಕ್ಕಿ ಹಾಕಿದರೆ ತೇವವೂ ಹೋಗದು, ಅಕ್ಕಿಯ ಹುಡಿ ಫೋಕಸ್ ಬಳೆಯೊಳಗೆ ಸೇರುತ್ತದೆ. ನುಸಿಗುಳಿಗೆಯನ್ನಂತೂ ಹತ್ತಿರವೂ ತರಬಾರದು, ಅದರ ಆವಿ ಗಾಜಿನ ಮೇಲೆಯೇ ಕೂರುತ್ತದೆ. ಲೆನ್ಸ್ ಹೆಚ್ಚಿದ್ದರೆ ವಿದ್ಯುತ್ ಡ್ರೈ ಕ್ಯಾಬಿನೆಟ್ ತೆಗೆದುಕೊಳ್ಳಿ.

ಏಸಿ ಕೋಣೆಯಿಂದ ಸೆಕೆಗೆ ಬಂದಾಗ ತಣ್ಣಗಿನ ಗಾಜಿನ ಮೇಲೆ ನೀರು ಕಟ್ಟುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ಹೊರಗೆ ತೆಗೆಯಿರಿ; ಆ ಮಂಜನ್ನು ಒರೆಸುತ್ತ ಕೂರಬೇಡಿ. ಒರೆಸುವುದೇ ಆದರೆ ಮೊದಲು ಬ್ಲೋಯರ್, ಆಮೇಲೆ ಮೆತ್ತನೆಯ ಬ್ರಷ್, ಅದಕ್ಕೂ ಹೋಗದಿದ್ದರೆ ಮಾತ್ರ ಬಟ್ಟೆ. ಲೆನ್ಸ್ ದ್ರವವನ್ನು ಬಟ್ಟೆಗೆ ಒಂದು ಹನಿ ಹಾಕಿ. ಗಾಜಿನ ಮೇಲೆಯೇ ಹಾಕಿದರೆ ಅಂಚಿನಿಂದ ಒಳಗಿಳಿಯುತ್ತದೆ. ನಡುವಿನಿಂದ ಅಂಚಿಗೆ ಸುತ್ತುತ್ತ, ಒತ್ತದೆ ಒರೆಸಿ. ಅಂಗಿಯ ತುದಿಯಲ್ಲಿ ಮರಳಿನ ಒಂದು ಕಣ ಸಾಕು. ತಿಂಗಳಿಗೊಮ್ಮೆಯಾದರೂ ಲೆನ್ಸ್‌ಗಳನ್ನು ಡಬ್ಬಿಯಿಂದ ತೆಗೆದು, ಟಾರ್ಚ್ ಹಿಡಿದು ನೋಡಿ, ಅಪರ್ಚರ್ ಬಳೆಯನ್ನೂ ಫೋಕಸ್ ಬಳೆಯನ್ನೂ ತುದಿಯಿಂದ ತುದಿಗೆ ಹತ್ತು ಸಲ ತಿರುಗಿಸಿ ಒಳಗಿಡಿ.